ಕಡಲ ಜೇಡಿಗೆ ಹೆಸರಿಟ್ಟ ಚರಿತ್ರೆ

ಮಣ್ಣಿಗೆ ಹೆಸರಿಡುವುದು ನಮ್ಮ ರೈತರಿಗೆ ಹೊಸದೇನಲ್ಲ. ಎರೆ, ಮಸಾರಿ, ಕೆಂಪು, ಗೋಡು, ಚೌಳು ಎಂದು ಹೊಲಕ್ಕೆ ಕಾಲಿಟ್ಟ ಕೂಡಲೇ ಹೇಳಿಬಿಡುತ್ತಾರೆ. ಕರಾವಳಿಯಲ್ಲಿ ಬಾವಿ ತೋಡುವವರು ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಕಂಡರೆ ಹುಷಾರಾಗುತ್ತಾರೆ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗದ್ದೆಗೆ ಗಜನಿ ಎಂದು ಹೆಸರಿಟ್ಟು, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಅಲ್ಲಿ ಬೆಳೆದವರಿದ್ದಾರೆ. ಈ ಹೆಸರುಗಳ ಹಿಂದೆ ಹೆಚ್ಚಾಗಿ ಇರುವುದು ಒಂದೇ ಪ್ರಶ್ನೆ: ಇಲ್ಲಿ ಏನು ಬೆಳೆಯುತ್ತದೆ?

ಎಂಜಿನಿಯರನ ಪ್ರಶ್ನೆ ಬೇರೆ. ಇದರ ಮೇಲೆ ಏನು ನಿಲ್ಲುತ್ತದೆ? ಎಷ್ಟು ಕುಸಿಯುತ್ತದೆ? ಎಷ್ಟು ವರ್ಷ ಕುಸಿಯುತ್ತಲೇ ಇರುತ್ತದೆ? ಈ ಪ್ರಶ್ನೆಗಳಿಗೆ ತಕ್ಕ ಹೆಸರುಗಳು ಹುಟ್ಟಿ ಇನ್ನೂ ಸುಮಾರು ನೂರು ವರ್ಷ ಅಷ್ಟೇ. ಆ ಹೆಸರುಗಳನ್ನು ಅತಿ ಹೆಚ್ಚು ಪರೀಕ್ಷೆಗೆ ಒಡ್ಡಿದ ಮಣ್ಣೆಂದರೆ ಕಡಲ ಜೇಡಿ. ಸಮುದ್ರದ ಉಪ್ಪುನೀರಿನಲ್ಲಿ ನಿಧಾನವಾಗಿ ತಳಕ್ಕೆ ಕೂತ ನುಣುಪಾದ ಜೇಡಿಮಣ್ಣು ಇದು. ಮುಟ್ಟಿದರೆ ಬೆಣ್ಣೆಯ ಹಾಗೆ, ಬಣ್ಣ ಸಾಮಾನ್ಯವಾಗಿ ಬೂದು ಇಲ್ಲವೇ ಕಪ್ಪು, ನಡುನಡುವೆ ಚಿಪ್ಪಿನ ಚೂರು. ಮುಂಬೈ, ಕೊಚ್ಚಿ, ವಿಶಾಖಪಟ್ಟಣ ಹೀಗೆ ದೇಶದ ದೊಡ್ಡ ಬಂದರುಗಳು ಇದರ ಮೇಲೆಯೇ ಕಾಲೂರಿವೆ.

ಜಿಲ್ಲೆಗಳಲ್ಲಿ ವರದಿ ಮಾಡುವ ನಮಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಸೇತುವೆಯ ಕೂಡುರಸ್ತೆ ಕುಸಿದಾಗ ನಾವು ಬರೆಯುವ ತಲೆಬರಹ ಒಂದೇ: ಕಳಪೆ ಕಾಮಗಾರಿ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವೊಮ್ಮೆ ತಪ್ಪು ನಡೆದದ್ದು ಸಿಮೆಂಟಿನಲ್ಲಿ ಅಲ್ಲ, ಮಣ್ಣಿಗೆ ಕೊಟ್ಟ ಎರಡಕ್ಷರದ ಹೆಸರಿನಲ್ಲಿ. ಆ ಹೆಸರು ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಕೇಳಬೇಕಾದ ಪ್ರಶ್ನೆಯೂ ಗೊತ್ತಾಗುತ್ತದೆ.

ಬೀಜ ಪರೀಕ್ಷಕನ ಏಳು ಮಿತಿಗಳು

ಕತೆ ಶುರುವಾಗುವುದು ಸ್ವೀಡನ್ನಿನ ಕಾಲ್ಮಾರ್ ಎಂಬ ಊರಿನಲ್ಲಿ. ಆಲ್ಬರ್ಟ್ ಅಟರ್‌ಬರ್ಗ್ ಅಲ್ಲಿನ ರಾಸಾಯನಿಕ ಮತ್ತು ಬೀಜ ಪರೀಕ್ಷಾ ಕೇಂದ್ರದ ಮುಖ್ಯಸ್ಥರಾಗಿದ್ದರು. 1846ರಲ್ಲಿ ಹುಟ್ಟಿದ ಈ ಮನುಷ್ಯ ಎಂಜಿನಿಯರ್ ಅಲ್ಲ, ಕೃಷಿ ರಸಾಯನಶಾಸ್ತ್ರಜ್ಞ. ಓಟ್ಸ್ ತಳಿಗಳನ್ನು ವಿಂಗಡಿಸುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದವರು ಮಣ್ಣಿನ ಕಡೆ ತಿರುಗುವಾಗ ಐವತ್ತು ದಾಟಿತ್ತು.

ಮೊದಲು ಕಣಗಳ ಗಾತ್ರದ ಮೇಲೆ ಮಣ್ಣನ್ನು ಭಾಗ ಮಾಡಿದರು. 2 ಮಿಲಿಮೀಟರ್, 0.2, 0.02, 0.002 ಎಂದು ಹತ್ತರ ಮೆಟ್ಟಿಲು. 0.002 ಮಿಲಿಮೀಟರಿಗಿಂತ ಸಣ್ಣದು ಜೇಡಿ. ಆದರೆ ಒಂದೇ ಗಾತ್ರದ ಕಣಗಳಿರುವ ಎರಡು ಮಣ್ಣುಗಳು ಕೈಯಲ್ಲಿ ಬೇರೆ ಬೇರೆಯಾಗಿ ವರ್ತಿಸುವುದು ಕಂಡಿತು. ಒಂದು ಅಂಟುತ್ತದೆ, ಇನ್ನೊಂದು ಉದುರುತ್ತದೆ. ಹಾಗಾದರೆ ಅಳೆಯಬೇಕಾದದ್ದು ಕಣವನ್ನಷ್ಟೇ ಅಲ್ಲ, ನೀರಿನ ಜೊತೆ ಆ ಮಣ್ಣಿಗಿರುವ ಸಂಬಂಧವನ್ನು.

1911ರಲ್ಲಿ ಅವರು ಪ್ರಕಟಿಸಿದ್ದು ಇದನ್ನೇ. ಮಣ್ಣಿಗೆ ನೀರು ಸೇರಿಸುತ್ತಾ ಹೋದರೆ ಅದು ಗಟ್ಟಿಯಿಂದ ಉದುರುವ ಸ್ಥಿತಿಗೆ, ಅಲ್ಲಿಂದ ನಾದುವ ಸ್ಥಿತಿಗೆ, ಕೊನೆಗೆ ಹರಿಯುವ ಸ್ಥಿತಿಗೆ ಬರುತ್ತದೆ. ಒಂದು ಸ್ಥಿತಿ ಮುಗಿದು ಇನ್ನೊಂದು ಶುರುವಾಗುವ ನೀರಿನ ಪ್ರಮಾಣವೇ ಮಿತಿ. ಅವರು ಹೇಳಿದ್ದು ಏಳು ಮಿತಿಗಳನ್ನು. ಎಂಜಿನಿಯರಿಂಗಿನಲ್ಲಿ ಹೆಚ್ಚು ಬಳಕೆಯಲ್ಲಿ ಉಳಿದವು ಮುಖ್ಯವಾಗಿ ಎರಡು. ಮಣ್ಣು ಹರಿಯಲು ತೊಡಗುವುದು ದ್ರವ ಮಿತಿ. ಅಂಗೈಯಡಿ ಹೊಸೆದ ಎಳೆ ತುಂಡಾಗಲು ತೊಡಗುವುದು ನಾದು ಮಿತಿ. ಎರಡರ ನಡುವಿನ ಅಂತರ ನಾದು ಸೂಚ್ಯಂಕ. ಈ ಅಂತರ ಎಷ್ಟು ದೊಡ್ಡದೋ ಮಣ್ಣು ಅಷ್ಟು ಜಿಗುಟು.

ರೊಟ್ಟಿ ಹಿಟ್ಟು ನಾದುವ ಯಾರಿಗಾದರೂ ಈ ವಿಚಾರ ಗೊತ್ತು. ನೀರು ಕಡಿಮೆಯಾದರೆ ಹಿಟ್ಟು ಒಡೆಯುತ್ತದೆ, ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಅಟರ್‌ಬರ್ಗ್ ಮಾಡಿದ್ದು ಆ ಕೈಯಂದಾಜಿಗೆ ಅಂಕಿ ಕೊಟ್ಟದ್ದು. ಉಳುಮೆಗೆ ಯಾವ ಜೇಡಿ ಯಾವಾಗ ಹದ ಎಂಬ ಕೃಷಿಯ ಲೋಕದಲ್ಲಿ ಹುಟ್ಟಿದ ಅಳತೆ, ಕೆಲವೇ ವರ್ಷಗಳಲ್ಲಿ ರೈಲು ಹಳಿಗಳ ಕೆಳಗೆ ಹೋಯಿತು.

ಹಳಿ ಜಾರಿದ ಮೇಲೆ

ಸ್ವೀಡನ್ನಿನಲ್ಲಿ ಆ ಹೊತ್ತಿಗೆ ರೈಲುದಾರಿಗಳು ಜಾರುತ್ತಿದ್ದವು. ಭೂಕುಸಿತಗಳು ಮತ್ತೆ ಮತ್ತೆ ಆದ ಮೇಲೆ 1913ರ ಕೊನೆಗೆ ಅಲ್ಲಿನ ಸರ್ಕಾರಿ ರೈಲ್ವೆ ಒಂದು ಆಯೋಗ ಮಾಡಿತು. ವೋಲ್ಮರ್ ಫೆಲೇನಿಯಸ್ ಅದರ ಅಧ್ಯಕ್ಷ, ಯಾನ್ ಓಲ್ಸನ್ ಕಾರ್ಯದರ್ಶಿ. ಆಯೋಗದ ಹೆಸರಿನಲ್ಲಿದ್ದ ‘ಜಿಯೋಟೆಕ್ನಿಕಲ್’ ಎಂಬ ಪದವನ್ನೇ ಇವತ್ತು ಇಡೀ ಶಾಸ್ತ್ರ ಹೊತ್ತುಕೊಂಡಿದೆ.

ಆಯೋಗ ಕೆಲಸ ಮಾಡುತ್ತಿದ್ದಾಗಲೇ ಎರಡು ದುರಂತಗಳು ನಡೆದವು. 1916ರ ಮಾರ್ಚಿನಲ್ಲಿ ಗೊಥೆನ್‌ಬರ್ಗ್ ಬಂದರಿನ ಸ್ಟಿಗ್‌ಬರ್ಗ್ ಧಕ್ಕೆ ಕಡಲಿಗೆ ಜಾರಿತು. ಆ ಕುಸಿತವನ್ನು ಅಳೆದು ನೋಡಿದಾಗ ಮಣ್ಣು ಜಾರಿದ್ದು ಬಟ್ಟಲಿನಂಥ ಬಾಗಿದ ದಾರಿಯಲ್ಲಿ ಎಂದು ಗೊತ್ತಾಯಿತು. ಇಳಿಜಾರು ನಿಲ್ಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ವೃತ್ತದ ವಿಧಾನ ಬೆಳೆದದ್ದು ಅಲ್ಲಿಂದ. 1918ರ ಅಕ್ಟೋಬರ್ 1ರಂದು ನೊರ್‌ಶೋಪಿಂಗ್ ಹತ್ತಿರದ ಯೇಟೊದಲ್ಲಿ, ಬ್ರೋವಿಕೆನ್ ಕೊಲ್ಲಿಯ ದಡದಲ್ಲಿ, ಹಳಿಯ ಕೆಳಗಿನ ಏರಿಯೇ ಕುಸಿಯಿತು. ಬಂದ ರೈಲು ಉರುಳಿ ಬೆಂಕಿ ಹತ್ತಿ ಕನಿಷ್ಠ 42 ಜನ ಸತ್ತರು.

ಆಯೋಗದ ಮುಂದೆ ಇದ್ದದ್ದು ನೂರಾರು ಕಡೆಯಿಂದ ತಂದ ಮಣ್ಣಿನ ಮಾದರಿಗಳು. ಪ್ರತಿಯೊಂದಕ್ಕೂ ಬಲ ಎಷ್ಟು ಎಂದು ಬೇಗ ಹೇಳಬೇಕಿತ್ತು. ಓಲ್ಸನ್ ಒಂದು ಸರಳ ಉಪಾಯ ಮಾಡಿದರು. ತೂಕ ಮತ್ತು ಮೊನೆ ಗೊತ್ತುಮಾಡಿದ ಲೋಹದ ಶಂಕುವನ್ನು ಜೇಡಿಯ ಮೇಲೆ ಬಿಡುವುದು, ಎಷ್ಟು ಇಳಿಯಿತು ಎಂದು ನೋಡುವುದು. ಹಣ್ಣಾಗಿದೆಯೇ ಎಂದು ಹಲಸಿಗೆ ಕಡ್ಡಿ ಚುಚ್ಚಿ ನೋಡುವ ಹಾಗೆ. ಮುಟ್ಟದ ಮಾದರಿಯಲ್ಲಿ ಒಂದು ಸಲ, ಅದನ್ನೇ ಚೆನ್ನಾಗಿ ನಾದಿದ ಮೇಲೆ ಇನ್ನೊಂದು ಸಲ. ಎರಡರ ನಡುವಿನ ವ್ಯತ್ಯಾಸ ನೋಡಿದಾಗ ಕೆಲವು ಜೇಡಿಗಳು ಮುಟ್ಟುವ ತನಕ ಗಟ್ಟಿ, ಕದಡಿದರೆ ಗಂಜಿ ಎಂದು ಕಂಡಿತು. 1922ರಲ್ಲಿ ಆಯೋಗದ ಅಂತಿಮ ವರದಿ ಬಂತು. ಜೇಡಿಯ ಹೆಸರು ಜೀವದ ಪ್ರಶ್ನೆ ಎಂದು ಆಡಳಿತವೊಂದು ಒಪ್ಪಿ ಮಾಡಿದ ದೊಡ್ಡ ಕೆಲಸ ಅದು.

ಒಂದು ಗೆರೆ, ಎರಡಕ್ಷರ

ಅಟರ್‌ಬರ್ಗ್ ಮಿತಿಗಳನ್ನು ಎಂಜಿನಿಯರುಗಳ ಮನೆಮಾತು ಮಾಡಿದವರು ಕಾರ್ಲ್ ಟೆರ್ಜಾಗಿ ಮತ್ತು ಆರ್ಥರ್ ಕಾಸಾಗ್ರಾಂಡೆ. ಟೆರ್ಜಾಗಿ ಇಸ್ತಾಂಬುಲಿನಲ್ಲಿ ಪಾಠ ಮಾಡುತ್ತಾ, ಕೈಗೆ ಸಿಕ್ಕ ಸಾಮಾನಿನಲ್ಲಿ ಪ್ರಯೋಗ ಮಾಡುತ್ತಾ, 1925ರಲ್ಲಿ ಮಣ್ಣಿನ ಬಲಶಾಸ್ತ್ರದ ಪುಸ್ತಕ ತಂದರು. ಭಾರ ಬಿದ್ದ ಜೇಡಿ ಯಾಕೆ ತಕ್ಷಣ ಕುಸಿಯದೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ ಎಂಬುದಕ್ಕೆ ಅವರ ಉತ್ತರ ಸರಳ: ಒಳಗಿನ ನೀರು ಹೊರಬರಬೇಕು, ದಾರಿ ಮಾತ್ರ ಬಹಳ ಕಿರಿದು.

ಟೆರ್ಜಾಗಿಯ ಸಹಾಯಕನಾಗಿ ಅಮೆರಿಕದಲ್ಲಿ ಕೆಲಸ ಮಾಡಿದ ಕಾಸಾಗ್ರಾಂಡೆ ಗಮನಿಸಿದ್ದು ಇನ್ನೊಂದನ್ನು. ಅಟರ್‌ಬರ್ಗ್ ದ್ರವ ಮಿತಿಯನ್ನು ನೋಡುತ್ತಿದ್ದದ್ದು ಬಟ್ಟಲಿನ ಮಣ್ಣಿನಲ್ಲಿ ಗೀರು ಎಳೆದು, ಬಟ್ಟಲನ್ನು ಕೈಗೆ ತಟ್ಟಿ. ತಟ್ಟುವ ಕೈ ಬದಲಾದರೆ ಅಂಕಿಯೂ ಬದಲು. ಅದಕ್ಕೆ 1932ರಲ್ಲಿ ಕಾಸಾಗ್ರಾಂಡೆ ಒಂದು ಉಪಕರಣವನ್ನು ವಿವರಿಸಿದರು. ಹಿಡಿ ತಿರುಗಿಸಿದರೆ ಹಿತ್ತಾಳೆಯ ಬಟ್ಟಲು ಪ್ರತಿ ಸಲ 1 ಸೆಂಟಿಮೀಟರ್ ಎತ್ತರದಿಂದ ಬೀಳುತ್ತದೆ. 25 ಪೆಟ್ಟಿಗೆ ಗೀರು ಮುಚ್ಚಿಕೊಂಡರೆ ಆ ಮಣ್ಣಿನಲ್ಲಿರುವ ನೀರೇ ದ್ರವ ಮಿತಿ. ನಮ್ಮ ಜಿಲ್ಲೆಗಳ ಪಾಲಿಟೆಕ್ನಿಕ್ಕುಗಳಲ್ಲಿ ಸಿವಿಲ್ ಓದಿದವರು ಈ ಹಿಡಿಯನ್ನು ತಿರುಗಿಸಿಯೇ ಪಾಸಾಗಿದ್ದಾರೆ.

ಎರಡನೆಯ ಮಹಾಯುದ್ಧ ಬಂತು. ವಿಮಾನದ ಪಟ್ಟಿಗಳನ್ನು ದಿನಗಳಲ್ಲಿ ಹಾಕಬೇಕಿತ್ತು. ಯಾವ ದ್ವೀಪದಲ್ಲಿ ಯಾವ ಮಣ್ಣಿದೆಯೋ ಯಾರಿಗೂ ತಿಳಿಯದು. ಹಾರ್ವರ್ಡಿನಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳಿಗೆ ತರಬೇತಿ ಕೊಡುತ್ತಿದ್ದ ಕಾಸಾಗ್ರಾಂಡೆ, ಅವರು ಹೊಲದಲ್ಲೇ ಬಳಸಬಹುದಾದ ವರ್ಗೀಕರಣ ಕೊಟ್ಟರು. ಅದರ ಹೃದಯ ಒಂದು ನಕ್ಷೆ. ಅಡ್ಡಕ್ಕೆ ದ್ರವ ಮಿತಿ, ಉದ್ದಕ್ಕೆ ನಾದು ಸೂಚ್ಯಂಕ, ನಡುವೆ ಓರೆಯಾಗಿ ‘ಎ ಗೆರೆ’. ದ್ರವ ಮಿತಿಯಲ್ಲಿ 20 ಕಳೆದು 0.73ರಿಂದ ಗುಣಿಸಿದರೆ ಆ ಗೆರೆ ಸಿಗುತ್ತದೆ. ಗೆರೆಯ ಮೇಲೆ ಬಿದ್ದದ್ದು ಜೇಡಿ, ಕೆಳಗೆ ಬಿದ್ದದ್ದು ಹೂಳುಮಣ್ಣು ಇಲ್ಲವೇ ಸಾವಯವ ಮಣ್ಣು. ದ್ರವ ಮಿತಿ 50 ದಾಟಿದರೆ ‘ಎಚ್’, ಒಳಗಿದ್ದರೆ ‘ಎಲ್’. ಹೀಗೆ ಸಿಎಚ್, ಸಿಎಲ್, ಎಂಎಚ್, ಓಎಚ್ ಎಂಬ ಎರಡಕ್ಷರಗಳು ಹುಟ್ಟಿದವು. 1948ರಲ್ಲಿ ಅವರು ಇದನ್ನು ವಿಸ್ತಾರವಾಗಿ ಪ್ರಕಟಿಸಿದರು. 1952ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳು ಇದನ್ನೇ ತಿದ್ದಿ ‘ಏಕೀಕೃತ ಪದ್ಧತಿ’ ಎಂದು ಒಪ್ಪಿಕೊಂಡವು.

ಭಾರತೀಯ ಮಾನಕ ಐಎಸ್ 1498 ಬಂದದ್ದು 1959ರಲ್ಲಿ, ಪರಿಷ್ಕೃತವಾದದ್ದು 1970ರಲ್ಲಿ. ನಮ್ಮವರು ನಡುವೆ ಒಂದು ಮನೆ ಹೆಚ್ಚು ಮಾಡಿದರು. ದ್ರವ ಮಿತಿ 35ರ ಒಳಗಿದ್ದರೆ ಸಿಎಲ್, 35ರಿಂದ 50 ಆದರೆ ಸಿಐ, 50 ದಾಟಿದರೆ ಸಿಎಚ್. ಇವತ್ತು ಯಾವ ಸೇತುವೆಯ ಕಡತ ತೆರೆದರೂ ಬೋರ್ ಹೊಡೆದ ವರದಿಯಲ್ಲಿ ಈ ಅಕ್ಷರಗಳು ಸಾಲಾಗಿ ಕೂತಿರುತ್ತವೆ.

ಉಪ್ಪು ತೊಳೆದು ಹೋದಾಗ

ಆದರೆ ಕಡಲ ಜೇಡಿ ಈ ಮನೆಗಳಲ್ಲಿ ಸುಮ್ಮನೆ ಕೂರುವ ಜಾತಿಯದಲ್ಲ. ಮೊದಲ ತಕರಾರು ಬಂದದ್ದು ನಾರ್ವೆಯಿಂದ. 1893ರ ಮೇ ತಿಂಗಳಲ್ಲಿ ಅಲ್ಲಿನ ವೆರ್ದಾಲ್ ಕಣಿವೆಯಲ್ಲಿ ಜೇಡಿ ನೆಲ ದ್ರವವಾಗಿ ಹರಿದು 116 ಜನ ಸತ್ತಿದ್ದರು. ಯಾಕೆ ಹೀಗಾಗುತ್ತದೆ ಎಂಬುದನ್ನು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬಿಡಿಸಿದವರು ಈವನ್ ರೋಸೆನ್‌ಕ್ವಿಸ್ಟ್. ಹಿಮಯುಗ ಮುಗಿಯುವಾಗ ಸಮುದ್ರದಡಿ ಕೂತ ಜೇಡಿ, ನೆಲ ಮೇಲೆದ್ದ ಮೇಲೆ ಒಣಭೂಮಿಯಾಯಿತು. ಸಾವಿರಾರು ವರ್ಷ ಸಿಹಿನೀರು ಹಾದು ಒಳಗಿನ ಉಪ್ಪನ್ನು ತೊಳೆದುಬಿಟ್ಟಿತು. ಕಣಗಳು ಇಸ್ಪೀಟ್ ಎಲೆಗಳ ಮನೆಯ ಹಾಗೆ ನಿಂತೇ ಇದ್ದವು, ನೀರೂ ಒಳಗೆ ಹಾಗೆಯೇ ಇತ್ತು. ಆದರೆ ಉಪ್ಪು ಹೋದದ್ದರಿಂದ ದ್ರವ ಮಿತಿ ಇಳಿದಿತ್ತು. ಅಂದರೆ ನೆಲದಲ್ಲಿದ್ದ ನೀರು ಹರಿಯಲು ಬೇಕಾದಷ್ಟಕ್ಕಿಂತ ಹೆಚ್ಚು. ಒಂದು ತಳ್ಳು ಸಾಕು.

1978ರ ಏಪ್ರಿಲಿನಲ್ಲಿ ರಿಸ್ಸಾ ಎಂಬಲ್ಲಿ ಅಂಥ ತಳ್ಳು ಸಿಕ್ಕಿದ್ದು ಕೊಟ್ಟಿಗೆ ದೊಡ್ಡದು ಮಾಡಲು ಅಗೆದ ಮಣ್ಣಿನಿಂದ. ಅದನ್ನು ಕೆರೆಯ ದಡದಲ್ಲಿ ಸುರಿದಿದ್ದರು. ದಡ ಜಾರಿತು, ಹಿಂದಿನದು ಜಾರಿತು, ಹೀಗೆ ಹಿಂದೆ ಹಿಂದೆ ಸರಿಯುತ್ತಾ ಹೊಲ ಮನೆಗಳು ತೇಲಿಹೋದವು. ಹವ್ಯಾಸಿಗಳು ತೆಗೆದ ಚಿತ್ರಣ ಈಗಲೂ ಪಾಠದ ಕೋಣೆಗಳಲ್ಲಿ ಓಡುತ್ತದೆ. ಎರಡಕ್ಷರದ ಹೆಸರು ಇಂಥ ಅಪಾಯವನ್ನು ಹೇಳುವುದಿಲ್ಲ. ಯಾಕೆಂದರೆ ಮಿತಿಗಳನ್ನು ಅಳೆಯುವುದು ಮಣ್ಣನ್ನು ಪೂರ್ತಿ ಕದಡಿದ ಮೇಲೆ. ನೆಲದಲ್ಲಿ ಅದು ಹೇಗೆ ನಿಂತಿತ್ತು ಎಂಬ ನೆನಪೇ ಅಲ್ಲಿ ಅಳಿಸಿಹೋಗಿರುತ್ತದೆ.

ಬೆಂಗಳೂರು ಮತ್ತು ಕೊಚ್ಚಿಯ ಉತ್ತರ

ಎರಡನೆಯ ತಕರಾರಿನಲ್ಲಿ ನಮ್ಮ ನೆಲದವರ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಶ್ರೀಧರನ್ ಮತ್ತು ಸಹೋದ್ಯೋಗಿಗಳು 1970ರ ದಶಕದಿಂದ ಕೇಳುತ್ತಾ ಬಂದ ಪ್ರಶ್ನೆ ಇದು: ದ್ರವ ಮಿತಿಯನ್ನು ನಿಜಕ್ಕೂ ನಿರ್ಧರಿಸುವುದು ಏನು? ಅವರ ಉತ್ತರ, ಎಲ್ಲ ಜೇಡಿಗೂ ಒಂದೇ ಕಾರಣವಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯಲ್ಲಿ ಕಣದ ಸುತ್ತ ಹಿಡಿದಿಟ್ಟುಕೊಂಡ ನೀರಿನ ಪದರ ಮುಖ್ಯ. ಕೆಯೊಲಿನೈಟ್ ಜಾತಿಯಲ್ಲಿ ಕಣಗಳು ಗುಂಪಾಗಿ ನಿಂತು ಮಾಡುವ ರಚನೆ ಮುಖ್ಯ. ಆದ್ದರಿಂದ ಉಪ್ಪು ಸೇರಿದರೆ ಮೊದಲನೆಯದರ ದ್ರವ ಮಿತಿ ಇಳಿಯುತ್ತದೆ, ಎರಡನೆಯದರದು ಏರಬಹುದು. ‘ಕಡಲ ಜೇಡಿ’ ಎಂಬ ಒಂದೇ ಹೆಸರಿನಡಿ ಎರಡು ವಿರುದ್ಧ ಸ್ವಭಾವಗಳು ಅಡಗಿರಬಹುದು ಎಂದಾಯಿತು.

ಇದೇ ಶ್ರೀಧರನ್, ಕೊಚ್ಚಿಯ ವಿಶ್ವವಿದ್ಯಾಲಯದ ಬಾಬು ಟಿ. ಜೋಸ್ ಮತ್ತು ಬೆನ್ನಿ ಮ್ಯಾಥ್ಯೂಸ್ ಅಬ್ರಹಾಂ ಜೊತೆ ಸೇರಿ ಕೊಚ್ಚಿಯ ಕಡಲ ಜೇಡಿಯನ್ನು ಅಭ್ಯಾಸ ಮಾಡಿದರು. 1988ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಎದ್ದು ಕಂಡದ್ದು, ಮಾದರಿಯನ್ನು ಒಣಗಿಸಿದರೆ ಅದು ಬೇರೆಯೇ ಮಣ್ಣಾಗುತ್ತದೆ ಎಂಬುದು. ಒಲೆಯಲ್ಲಿ ಒಣಗಿಸಿದಾಗ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮತ್ತೆ ನೀರು ಹಾಕಿದರೂ ಬಿಡುವುದಿಲ್ಲ. ಜೇಡಿಯ ಪ್ರಮಾಣ ಕಡಿಮೆ ಕಾಣುತ್ತದೆ, ಹೂಳಿನ ಪ್ರಮಾಣ ಹೆಚ್ಚಾಗಿ ಕಾಣುತ್ತದೆ, ದ್ರವ ಮಿತಿ ಜರ್ರನೆ ಇಳಿಯುತ್ತದೆ.

ಇದರ ಪರಿಣಾಮವನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕ ಮಾಡೋಣ. ಹಸಿಯಾಗಿ ಪರೀಕ್ಷಿಸಿದ ಜೇಡಿಯೊಂದರ ದ್ರವ ಮಿತಿ 110, ನಾದು ಮಿತಿ 40 ಎಂದುಕೊಳ್ಳಿ. ನಾದು ಸೂಚ್ಯಂಕ 70. ಎ ಗೆರೆ ಅಲ್ಲಿ 65.7ರಲ್ಲಿದೆ. 70 ಅದರ ಮೇಲೆ, ಆದ್ದರಿಂದ ಹೆಸರು ಸಿಎಚ್. ಅದೇ ಮಣ್ಣನ್ನು ಒಣಗಿಸಿ ಪರೀಕ್ಷಿಸಿದಾಗ ದ್ರವ ಮಿತಿ 60, ನಾದು ಮಿತಿ 38 ಬಂತು ಎನ್ನಿ. ಸೂಚ್ಯಂಕ 22, ಗೆರೆ 29.2ರಲ್ಲಿ. ಈಗ ಗೆರೆಯ ಕೆಳಗೆ, ಹೆಸರು ಎಂಎಚ್. ಮಣ್ಣು ಅದೇ, ಕಾಗದದಲ್ಲಿ ಜೇಡಿ ಹೋಗಿ ಹೂಳಾಯಿತು.

ಹೆಸರಷ್ಟೇ ಬದಲಾದರೆ ಹೋಗಲಿ ಎನ್ನಬಹುದಿತ್ತು. ಆದರೆ 1948ರಲ್ಲಿ ಟೆರ್ಜಾಗಿ ಮತ್ತು ರಾಲ್ಫ್ ಪೆಕ್ ತಮ್ಮ ಪುಸ್ತಕದಲ್ಲಿ ಕೊಟ್ಟ ಒಂದು ಅಂದಾಜು ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ದ್ರವ ಮಿತಿಯಲ್ಲಿ 10 ಕಳೆದು 0.009ರಿಂದ ಗುಣಿಸಿದರೆ ಜೇಡಿ ಎಷ್ಟು ಅಮುಕುತ್ತದೆ ಎಂಬ ಸೂಚ್ಯಂಕ ಸಿಗುತ್ತದೆ. ಹಸಿ ಪರೀಕ್ಷೆಯ 110ಕ್ಕೆ ಅದು 0.9. ಒಣ ಪರೀಕ್ಷೆಯ 60ಕ್ಕೆ 0.45. ಉಳಿದ ಲೆಕ್ಕವೆಲ್ಲ ಅದೇ ಇದ್ದರೆ, 1 ಮೀಟರ್ ಕುಸಿಯಬೇಕಾದ ರಸ್ತೆಯ ಏರಿ ಅರ್ಧ ಮೀಟರ್ ಕುಸಿಯುತ್ತದೆ ಎಂದು ವರದಿ ಹೇಳುತ್ತದೆ. ಉಳಿದ ಅರ್ಧ ಮೀಟರನ್ನು ಆಮೇಲೆ ಬಸ್ಸಿನವರು, ಶಾಲೆಯ ಮಕ್ಕಳು, ಗುಂಡಿ ಮುಚ್ಚುವ ಗುತ್ತಿಗೆದಾರರು ಹಂಚಿಕೊಳ್ಳುತ್ತಾರೆ.

ಒಣಗಿದರೆ ದ್ರವ ಮಿತಿ ಇಳಿಯುವ ಗುಣವನ್ನು ಅಮೆರಿಕದ ಎಎಸ್‌ಟಿಎಂ ಪದ್ಧತಿ ಪರೀಕ್ಷೆಯಾಗಿಯೇ ಬಳಸುತ್ತದೆ. ಒಲೆಯಲ್ಲಿ ಒಣಗಿಸಿದ ಮಣ್ಣಿನ ದ್ರವ ಮಿತಿ ಒಣಗಿಸದ ಮಣ್ಣಿನದರ ಮುಕ್ಕಾಲಿಗಿಂತ ಕಡಿಮೆಯಾದರೆ ಅದು ಸಾವಯವ ಮಣ್ಣು. ಕೊಚ್ಚಿಯ ಪಾಠ ಏನೆಂದರೆ, ಈ ಇಳಿತಕ್ಕೆ ಕೊಳೆತ ಎಲೆ ಬೇರುಗಳೊಂದೇ ಕಾರಣವಾಗಬೇಕಿಲ್ಲ. ಕಣಗಳು ಗಂಟು ಕಟ್ಟುವುದೂ ಕಾರಣ. ಪರೀಕ್ಷೆ ಒಂದೇ, ಅದರಿಂದ ಓದಿಕೊಳ್ಳುವ ಅರ್ಥ ಎರಡು.

ಊದುವಿಕೆಯ ಪರೀಕ್ಷೆಯಲ್ಲೂ ಬೆಂಗಳೂರಿನವರು ಹೀಗೇ ಒಂದು ಗಂಟು ಹಿಡಿದರು. 10 ಗ್ರಾಂ ಒಣಮಣ್ಣನ್ನು ಒಂದು ಕೊಳವೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ, ಎಷ್ಟು ಎತ್ತರಕ್ಕೆ ಕೂತಿತು ಎಂದು ಹೋಲಿಸುವುದು ನಮ್ಮ ಮಾನಕದ ವಿಧಾನ. ಸೀಮೆಎಣ್ಣೆಯಲ್ಲಿ ಮಣ್ಣು ಊದುವುದಿಲ್ಲ ಎಂಬುದು ಅದರ ನಂಬಿಕೆ. ಆದರೆ ಕೆಯೊಲಿನೈಟ್ ಹೆಚ್ಚಿರುವ ಮಣ್ಣು ನೀರಿಗಿಂತ ಸೀಮೆಎಣ್ಣೆಯಲ್ಲೇ ಹೆಚ್ಚು ಜಾಗ ಹಿಡಿಯುತ್ತದೆ. ಆಗ ಊದುವಿಕೆ ಸೊನ್ನೆಗಿಂತ ಕೆಳಗೆ ಬರುತ್ತದೆ! ಶ್ರೀಧರನ್ ಮತ್ತು ಮೈಸೂರಿನ ಕೆ. ಪ್ರಕಾಶ್ ಆಮೇಲೆ ಇದೇ ಎರಡು ಕೊಳವೆಗಳ ಅನುಪಾತವನ್ನು ನೇರವಾಗಿ ತೆಗೆದುಕೊಂಡು, ಮಣ್ಣಿನ ಖನಿಜ ಯಾವ ಜಾತಿಯದು ಎಂದು ಅಂದಾಜಿಸುವ ದಾರಿ ತೋರಿಸಿದರು. ದುಬಾರಿ ಯಂತ್ರವಿಲ್ಲದ ಜಿಲ್ಲಾ ಪ್ರಯೋಗಾಲಯಕ್ಕೂ ಎಟಕುವ ವಿದ್ಯೆ ಇದು.

ನಮ್ಮ ಕೈಗೆ ಬರುವ ವರದಿ

ಈ ಚರಿತ್ರೆಯಿಂದ ವರದಿಗಾರರಾದ ನಾವು ಎತ್ತಿಕೊಳ್ಳಬೇಕಾದ್ದು ಮೂರ್ನಾಲ್ಕು ಪ್ರಶ್ನೆಗಳನ್ನು. ಅಳಿವೆ, ಹಿನ್ನೀರು, ಗಜನಿ ಇರುವಲ್ಲಿ ರಸ್ತೆ ಅಥವಾ ಸೇತುವೆ ಬಂದರೆ ಮಾಹಿತಿ ಹಕ್ಕಿನಡಿ ಮಣ್ಣು ಪರೀಕ್ಷಾ ವರದಿಯ ನಕಲು ಕೇಳಬಹುದು. ಬಂದ ಮೇಲೆ ಮೊದಲು ನೋಡಬೇಕಾದ್ದು ನೆಲದಲ್ಲಿರುವಾಗಿನ ನೀರಿನ ಪ್ರಮಾಣ. ಅದು ದ್ರವ ಮಿತಿಯ ಹತ್ತಿರ ಇದ್ದರೆ ಅಥವಾ ಅದನ್ನು ದಾಟಿದ್ದರೆ, ಹೆಸರು ಏನೇ ಇರಲಿ, ಆ ಜೇಡಿ ಕದಡಿದರೆ ಹರಿಯುತ್ತದೆ. ಎರಡನೆಯದು, ಮಾದರಿಯನ್ನು ಹಸಿಯಾಗಿ ಪರೀಕ್ಷಿಸಿದರೋ ಒಣಗಿಸಿಯೋ? ಮೂರನೆಯದು, ಮುಟ್ಟದ ಮಾದರಿಯ ಬಲ ಮತ್ತು ನಾದಿದ ಮಾದರಿಯ ಬಲ ಎರಡನ್ನೂ ಕೊಟ್ಟಿದ್ದಾರೋ? ನಾಲ್ಕನೆಯದು, ಕುಸಿತದ ಅಂಕಿ ನಿಜವಾಗಿ ಅಮುಕಿ ನೋಡಿದ ಪರೀಕ್ಷೆಯಿಂದ ಬಂತೋ, ದ್ರವ ಮಿತಿಯ ಸೂತ್ರದಿಂದ ಬರೀ ಲೆಕ್ಕ ಹಾಕಿದ್ದೋ?

ಇವುಗಳಿಗೆ ಉತ್ತರ ಸರಿಯಿದ್ದರೆ ಕಡಲ ಜೇಡಿಯ ಮೇಲೆ ಕಟ್ಟುವುದು ಅಸಾಧ್ಯವೇನಲ್ಲ. ಮೊದಲೇ ಭಾರ ಹೇರಿ ಕಾಯುತ್ತಾರೆ, ನೀರು ಬೇಗ ಹೊರಬರಲು ಮರಳಿನ ಕೊಳವೆ ಅಥವಾ ಪ್ಲಾಸ್ಟಿಕ್ ಪಟ್ಟಿಗಳನ್ನು ಇಳಿಸುತ್ತಾರೆ, ಜಲ್ಲಿಯ ಕಂಬ ತುಂಬುತ್ತಾರೆ, ಇಲ್ಲವೇ ಗಟ್ಟಿ ಪದರ ಸಿಗುವ ತನಕ ಪೈಲ್ ಇಳಿಸುತ್ತಾರೆ. ಇದಕ್ಕೆಲ್ಲ ದುಡ್ಡು ಬೇಕು, ಅದಕ್ಕಿಂತ ಹೆಚ್ಚಾಗಿ ಸಮಯ ಬೇಕು. ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತಾಗಿರುವ ಕಾಮಗಾರಿಯಲ್ಲಿ ಸಮಯವೇ ಎಲ್ಲಕ್ಕಿಂತ ದುಬಾರಿ ಸಾಮಾನು.

ಓಟ್ಸ್ ಬೀಜ ವಿಂಗಡಿಸುತ್ತಿದ್ದ ಮನುಷ್ಯ ನೂರು ವರ್ಷಗಳ ಹಿಂದೆ ಮಣ್ಣಿಗೆ ಕೇಳಿದ್ದು ಒಂದೇ ಮಾತು: ನಿನ್ನೊಳಗೆ ನೀರೆಷ್ಟು, ಎಷ್ಟಾದರೆ ನೀನು ಹರಿಯುತ್ತೀ? ನಂತರ ಬಂದ ಗೆರೆ, ಅಕ್ಷರ, ಮಾನಕಗಳೆಲ್ಲ ಆ ಪ್ರಶ್ನೆಯನ್ನು ಬೇಗ ಕೇಳಲು ಮಾಡಿಕೊಂಡ ಅನುಕೂಲಗಳು. ಅಕ್ಷರ ಬರೆದು ಪ್ರಶ್ನೆಯನ್ನು ಬಿಟ್ಟುಬಿಟ್ಟ ಕಡತಗಳಿರುವ ಕಡೆ, ಅದನ್ನು ಮತ್ತೆ ಕೇಳುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಏರಿ ಕುಸಿದ ಮೇಲೆ ಫೋಟೋ ತೆಗೆಯುವುದಕ್ಕಿಂತ, ಟೆಂಡರ್ ಕರೆದ ವಾರವೇ ಕೇಳುವುದು ಮೇಲು.